ಕುದಿಸಿದ ಕಿವಿ

ಮಾರ್ಚ್ 29

ಅಣ್ಣಾ,

ಒಂದು ವಾರದಿಂದ ನಿಮ್ಮ ಮನೆಯ ಫೋನು ಬಾಯಿ ಬಡಿದುಕೊಂಡರೂ ಎತ್ತುವವರಿರಲಿಲ್ಲ. ನಿನ್ನೆ ಕೊನೆಗೂ ಅತ್ತಿಗೆ ಎತ್ತಿದರು. “ಅಂಗಿ ಜೊತೆ ಕಿವಿ ಮಿಷನ್ನೂ ಕುದಿಸಿಬಿಟ್ಟಿದ್ದಾರೆ. ಏನಿದ್ರೂ ಕಾಗದ ಬರಿ” ಅಂದವರೇ ಇಟ್ಟುಬಿಟ್ಟರು. ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾದ ಮೇಲೆ ಅವರು ಆಡಿದ ಮೊದಲ ಮಾತು ಇದು. ಇರಲಿ, ಆಡಿದರಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಕುದಿಸಿ ಕುದಿಸಿಯೇ ನಿವೃತ್ತನಾದವನು ನೀನು. ‘ಜೇಬು ತಡವದೆ ಹಂಡೆಗೆ ಹಾಕಿದರೆ ಕೈ ಮುರೀತೀನಿ’ ಅಂತ ಹೊಸಬರನ್ನು ಗದರಿಸುತ್ತಿದ್ದವನೂ ನೀನೇ. ಈಗ ಸೋಂಕಿಗೆ ಹೆದರಿ ಮನೆಯ ಅಂಗಿಯನ್ನು ಕುದಿಸಲು ಹೋಗಿ ಸ್ವಂತ ಕಿವಿಯನ್ನೇ ಬೇಯಿಸಿಕೊಂಡೆಯಲ್ಲ! ಸುಳ್ಳು ಹೇಳುವುದಿಲ್ಲ ಅಣ್ಣ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಹೊಳೆಯಿತು: ರಿಪೇರಿ ಅಂಗಡಿಗಳು ಮುಚ್ಚಿವೆ, ಹೊಸದು ತರೋಣವೆಂದರೆ ಬಸ್ಸಿಲ್ಲ. ಬಸ್‌ಸ್ಟ್ಯಾಂಡಿನ ಮೈಕಿನ ಮುಂದೆ ಕೂತು ‘ಪ್ರಯಾಣಿಕರ ಗಮನಕ್ಕೆ’ ಅಂತ ಊರಿಗೆಲ್ಲ ಕೂಗಿ ಪೆನ್ಷನ್ನಿಗೆ ಬಂದವಳು ನಾನು. ನನ್ನ ದನಿ ಒಬ್ಬನೇ ಅಣ್ಣನಿಗೆ ಮುಟ್ಟುವುದಿಲ್ಲ ಅಂದರೆ ಹಣೆಬರಹ ಅನ್ನಬೇಕು. ಮೆಸೇಜು ಕಳಿಸೋಣವೆಂದರೆ ನಿನಗೆ ಮೊಬೈಲೇ ಬೇಡ. ಹಾಗಾಗಿ ಅತ್ತಿಗೆ ಅಂದಂತೆ ಕಾಗದ.

ನನ್ನ ದಿನಚರಿ ಹೀಗಿದೆ. ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತುತ್ತೇನೆ. ಮೊಣಕೈಗೆ ಕಣ್ಣಿಲ್ಲವಲ್ಲ, ಒಮ್ಮೊಮ್ಮೆ ಬೇರೆಯವರ ಮಹಡಿಗೆ ಹೋಗಿ ಇಳಿಯುತ್ತೇನೆ. ಟೊಮೇಟೊವನ್ನು ಸೋಪಿನ ನೀರಲ್ಲಿ ತೊಳೆದು ಒಣಹಾಕುತ್ತೇನೆ. ಪೇಪರನ್ನು ಒಂದು ದಿನ ಬಿಸಿಲಲ್ಲಿಟ್ಟು ಮಾರನೆಯ ದಿನ ಓದುತ್ತೇನೆ, ಆದ್ದರಿಂದ ನನಗೆ ಗೊತ್ತಾಗುವ ಹೊತ್ತಿಗೆ ಸುದ್ದಿ ಹಳಸಿರುತ್ತದೆ. ಅಂಗಡಿಯಲ್ಲಿ ಬೆಳಗಿನ ಮೊದಲ ಗಂಟೆ ವಯಸ್ಸಾದವರಿಗೆ ಮಾತ್ರ. ಸಾಲಿನಲ್ಲಿ ನಿಂತೆ. ಬಾಗಿಲ ಕಾವಲಿನವನು ನನ್ನ ವಯಸ್ಸಿಗೆ ಪುರಾವೆ ಕೇಳಲೇ ಇಲ್ಲ, ಅದೊಂದು ಬೇಜಾರು.

ಪಾರ್ಕಿಗೆ ಬೀಗ ಹಾಕಿದ್ದಾರೆ. ನನ್ನ ವಾಕಿಂಗ್ ಗೆಳತಿ ಡ್ರಾಯಿಂಗ್ ಟೀಚರು ಗೊತ್ತಲ್ಲ, ಎದುರು ಕಟ್ಟಡದವರು? ಅವರು ಅವರ ಟೆರೇಸಿನಲ್ಲಿ, ನಾನು ನನ್ನ ಟೆರೇಸಿನಲ್ಲಿ, ನಡುವೆ ರಸ್ತೆ. ಇಬ್ಬರೂ ಒಟ್ಟಿಗೆ ಹೆಜ್ಜೆ ಹಾಕುತ್ತೇವೆ. ನನ್ನ ಮಾತು ಅವರಿಗೆ ಸಲೀಸಾಗಿ ಕೇಳುತ್ತದೆ, ಇಡೀ ಬೀದಿಗೂ ಕೇಳುತ್ತದೆ. ಅವರದು ಸಣ್ಣ ದನಿ. ಅದಕ್ಕೆ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದು ಎತ್ತಿ ಹಿಡಿಯುತ್ತಾರೆ. ನಿನ್ನೆ ‘ಏನಡುಗೆ?’ ಅಂದರೆ ಸೀದ ಬಾಣಲೆಯ ಚಿತ್ರ ಎತ್ತಿದರು.

ಹೊರಗೆ ಕಾಲಿಡಬೇಡ. ಅತ್ತಿಗೆಯೂ ಇಡದಿರಲಿ. ನಿಮ್ಮಿಬ್ಬರನ್ನು ಬಿಟ್ಟರೆ ನನಗೆ ಯಾರಿದ್ದಾರೆ ಅಂತ ನಾನು ಬಾಯಿಬಿಟ್ಟು ಹೇಳಬೇಕೇ?

ನಿನ್ನ ತಂಗಿ


ಏಪ್ರಿಲ್ 6

ಮೈಕೂ,

ಕಾಗದ ಬಂತು. ಇಸ್ತ್ರಿ ಹಾಕಿ ಓದಿದೆ.

ಮೊದಲು ಜೇಬಿನ ವಿಷಯ. ತಡವಲಿಲ್ಲ ಅಂತ ಯಾರು ಹೇಳಿದ್ದು? ತಡವಿದ್ದೆ. ಆಸ್ಪತ್ರೆಯ ಕೋಟುಗಳಿಗೆ ಜೇಬು ಇರುವುದು ಸೊಂಟದ ಹತ್ತಿರ. ಕೈ ತನ್ನ ಅಭ್ಯಾಸದಂತೆ ಅಲ್ಲೇ ತಡವಿ ‘ಖಾಲಿ’ ಅಂದಿತು. ಮಿಷನ್ನು ಎದೆಯ ಜೇಬಿನಲ್ಲಿತ್ತು. ನೀರು ಕೊತಕೊತ ಕುದಿಯುವಾಗ ಬೆಂದ ಕಾಳಿನ ಹಾಗೆ ಮೇಲೆ ಬಂತು. ಲಾಂಡ್ರಿಯ ಗದ್ದಲ ಕಿವಿ ತಿಂದಿತು, ಲಾಂಡ್ರಿಯ ಬುದ್ಧಿ ಮಿಷನ್ನು ತಿಂದಿತು. ಈಗ ಮನೆಯೊಳಗೆ ಏನೂ ಕೇಳಿಸದು. ಪಾತ್ರೆ ಬಿದ್ದರೂ ಕಾಲಿಗೆ ತಗುಲಿದ ಮೇಲೆಯೇ ಗೊತ್ತಾಗುವುದು.

ನನ್ನ ದಿನಚರಿಯೂ ಬದಲಾಗಿದೆ. ಎದ್ದ ಕೂಡಲೇ ಹಂಡೆಗೆ ನೀರು. ಚಾದರ, ಟವೆಲು, ಬಾಗಿಲ ಪರದೆ, ತರಕಾರಿ ಚೀಲ, ಎಲ್ಲ ಕುದಿಯಬೇಕು. ಅಡುಗೆಯೂ ನನ್ನದೇ ಈಗ. ನಿನ್ನ ಅತ್ತಿಗೆ ಹಿಂದಿನ ಕೋಣೆಗೆ ಹೋಗಿದ್ದಾಳೆ. ತಾನು ಒಬ್ಬಳೇ ಇರಬೇಕು ಅಂದಳು. ಸರಿ ಅಂದೆ. ಬಾಗಿಲು ಹಾಕಿಕೊಂಡಿರುತ್ತಾಳೆ. ಊಟದ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ನಾನು ಹಜಾರಕ್ಕೆ ಬಂದ ಮೇಲೆ ಬಾಗಿಲು ತೆರೆದು ತೆಗೆದುಕೊಳ್ಳುತ್ತಾಳೆ. ಅರ್ಧ ಹಾಗೇ ವಾಪಸು ಬರುತ್ತದೆ. ನನ್ನ ಅಡುಗೆಯ ಗುಣ ಇರಬಹುದು. ಮಾತಂತೂ ಇಲ್ಲ, ಆಡಿದರೂ ಯಾರಿಗೆ ಕೇಳಿಸಬೇಕು?

ಮನೆ ಅಂದ ಮೇಲೆ ಇದೆಲ್ಲ ಇದ್ದದ್ದೇ. ನೀನು ತಲೆ ಕೆಡಿಸಿಕೊಳ್ಳಬೇಡ. ನಿನ್ನ ದಮ್ಮಿನ ಔಷಧಿ ತೀರುವ ಮೊದಲೇ ತರಿಸಿಕೋ. ಬೇರೆಯವರ ಮಹಡಿಯಲ್ಲಿ ಇಳಿಯುವುದು ಬಿಟ್ಟು ಮೆಟ್ಟಿಲು ಹತ್ತುವುದು ಕಲಿ, ನಿಧಾನಕ್ಕೆ.

ಅಣ್ಣ


ಏಪ್ರಿಲ್ 13

ಅಣ್ಣಾ,

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಿಮ್ಮದು ಉಂಡೂ ಮುಗಿದಿಲ್ಲ, ಮಲಗಿಯೂ ಮುಗಿದಿಲ್ಲ! ಈ ವಯಸ್ಸಿನಲ್ಲಿ ಬೇರೆ ಕೋಣೆ, ಬೇರೆ ತಟ್ಟೆ, ಮುಚ್ಚಿದ ಬಾಗಿಲು. ಊರೆಲ್ಲ ರೋಗಕ್ಕೆ ಹೆದರಿ ಒಬ್ಬರಿಗೊಬ್ಬರು ಅಂಟಿಕೊಂಡಿರುವಾಗ ನಿಮಗೆ ಮುನಿಸು ಮಾಡಲು ಪುರುಸೊತ್ತು ಸಿಕ್ಕಿತೇ?

ತಪ್ಪು ನಿನ್ನದೂ ಇರುತ್ತದೆ, ಕಣ್ಣಿಗೆ ಕಂಡದ್ದನ್ನೆಲ್ಲ ಕುದಿಸುತ್ತೀಯ. ಅವರದೊಂದು ಒಳ್ಳೆಯ ಸೀರೆಯನ್ನೂ ಕುದಿಸಿರಬೇಕು, ನನಗೆ ಗುಮಾನಿ. ಆದರೆ ಅತ್ತಿಗೆಯ ಸ್ವಭಾವವೂ ನನಗೆ ಗೊತ್ತಿಲ್ಲದ್ದೇನಲ್ಲ. ಸೂಜಿ ಹಿಡಿದವರ ಮಾತೂ ಸೂಜಿಯೇ. ಲಾಂಡ್ರಿಯ ಹೊಲಿಗೆ ವಿಭಾಗದಲ್ಲಿ ಹರಿದ ಚಾದರವನ್ನು ಕಣ್ಣಿಗೆ ಕಾಣದಂತೆ ಹೊಲಿಯುತ್ತಿದ್ದರಂತೆ, ಮನುಷ್ಯರ ಮನಸ್ಸು ಹರಿದರೆ ಮಾತ್ರ ದಾರ ಮುಟ್ಟುವುದಿಲ್ಲ. ಆವತ್ತು ನಿಮ್ಮ ಹಜಾರದಲ್ಲಿ ಅಷ್ಟು ಜನ ನೆಂಟರ ಮುಂದೆ ‘ಇದು ಬಸ್‌ಸ್ಟ್ಯಾಂಡ್ ಅಲ್ಲ, ದನಿ ಸಣ್ಣ ಮಾಡು’ ಅಂದರಲ್ಲ, ನಾನು ನಗುನಗುತ್ತಲೇ ಎದ್ದು ಬಂದೆ, ಬಸ್ಸಿನಲ್ಲಿ ಮಾತ್ರ ಅಳುತ್ತ ಕೂತಿದ್ದೆ. ಆಮೇಲೆ ನಿಮ್ಮ ಮನೆಗೆ ಬರಲು ಮನಸ್ಸಾಗಲಿಲ್ಲ. ಈಗ ಫೋನು ಮಾಡಿದರೆ ಮತ್ತೆ ಎತ್ತುತ್ತಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ನನ್ನ ಫೋನೇಕೆ ಬಲಿ?

ಹೋಗಲಿ, ನೀನೇ ಸೋಲು. ಬಾಗಿಲ ಮುಂದೆ ಹೋಗಿ ಒಂದು ಸಲ ‘ತಪ್ಪಾಯ್ತು’ ಅನ್ನು. ಯಾವ ತಪ್ಪು ಅಂತ ಅವರೇ ಹುಡುಕಿಕೊಳ್ಳುತ್ತಾರೆ.

ಡ್ರಾಯಿಂಗ್ ಟೀಚರು ಎರಡು ದಿನದಿಂದ ಟೆರೇಸಿಗೆ ಬಂದಿಲ್ಲ. ಮಂಡಿ ನೋವಿರಬೇಕು. ಒಬ್ಬಳೇ ನಡೆದರೆ ಟೆರೇಸು ಬಹಳ ಉದ್ದ ಅನಿಸುತ್ತದೆ.

ತಂಗಿ


ಏಪ್ರಿಲ್ 22

ಮೈಕೂ,

ನಾವು ಜಗಳವಾಡಿಲ್ಲ. ಅವಳಿಗೆ ಜ್ವರ. ಈ ಊರಿಗೆ ಬಂದಿರುವ ಅದೇ ಜ್ವರ.

ಅಂಗಡಿಯಿಂದ ಹಿಡಿದುಕೊಂಡು ಬಂದಳೋ ಏನೋ. ಗಂಟಲು ಕೆರೆಯಿತು ಅಂದ ದಿನವೇ ತಾನೇ ಹಾಸಿಗೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳಿಗೆ ಹೇಳಿಕೊಡಬೇಕೇ? ನಿನಗೆ ಬರೆಯಬೇಡ ಅಂದಳು, ನನಗೂ ಬರೆಯುವ ಮನಸ್ಸಿರಲಿಲ್ಲ. ಗೊತ್ತಾದರೆ ದಮ್ಮು ಕಟ್ಟಿಕೊಂಡು ನಡೆದಾದರೂ ಹೊರಟುಬಿಡುವವಳು ನೀನು. ಅಮ್ಮನ ಕಾಲು ಮುರಿದಾಗ ಲಾರಿ ಹತ್ತಿ ಬಂದವಳಲ್ಲವೇ?

ನಿನ್ನ ಕಾಗದ ಓದಿ ಬಚ್ಚಿಡಬೇಕು ಅಂದುಕೊಂಡಿದ್ದೆ. ಪೋಸ್ಟಿನವನು ಬಂದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ‘ಮೈಕು ಏನಂದಳು?’ ಅಂತ ಚೀಟಿ ಬಾಗಿಲ ಕೆಳಗಿನಿಂದ ಬಂತು. ಏನು ಮಾಡಲಿ, ಕಾಗದವನ್ನೇ ಒಳಗೆ ತಳ್ಳಿದೆ. ಆಮೇಲೆ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ನಿಂತೆ, ಅತ್ತರೆ ಗೊತ್ತಾಗಲಿ ಅಂತ. ಬಾಗಿಲು ಅಲುಗಿತು. ಚೀಟಿ ಬಂತು: ‘ಸೂಜಿ ಅಂತೆ! ನಕ್ಕು ಕೆಮ್ಮು ಬಂತು. ಅವಳಿಗೆ ಬೈಯಬೇಡಿ.’

ನಾವು ಒಂದು ಉಪಾಯ ಮಾಡಿದ್ದೇವೆ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಅವಳ ಮಂಚದಲ್ಲಿ, ಇನ್ನೊಂದು ತುದಿ ಬಾಗಿಲ ಕೆಳಗಿನಿಂದ ಬಂದು ನನ್ನ ಮಣಿಕಟ್ಟಿನಲ್ಲಿ. ಒಂದು ಸಲ ಎಳೆದರೆ ನೀರು. ಎರಡು ಎಳೆದರೆ ಗಂಜಿ. ಮೂರು ಎಳೆದರೆ ಸುಮ್ಮನೆ. ಮೂರಕ್ಕೆ ನಾನೂ ವಾಪಸು ಮೂರು ಎಳೆಯುತ್ತೇನೆ. ಹೀಗೆ ಹಗ್ಗ ಕಟ್ಟಿಕೊಂಡು ಕರುವಿನ ಹಾಗೆ ಮನೆಯೊಳಗೆ ಸುತ್ತುತ್ತಿದ್ದೇನೆ.

ಬೀದಿಯ ಡಾಕ್ಟರಮ್ಮ ಕಿಟಕಿಯ ಹೊರಗೆ ನಿಂತು ನೋಡಿ ಹೋಗುತ್ತಾರೆ. ಉಸಿರು ಹಿಡಿಯದಿದ್ದರೆ ಮನೆಯಲ್ಲೇ ಇರಲಿ, ಆಸ್ಪತ್ರೆಯಲ್ಲಿ ಮಂಚ ಖಾಲಿಯಿಲ್ಲ ಅಂತ ಬರೆದು ತೋರಿಸಿದರು. ನಾನು ಇಡೀ ದಿನ ಅವಳ ಕಿಟಕಿಯ ಕಡೆ ಹೋಗುವುದು, ಬರುವುದು. ಕೂತರೆ ಕೂರಲಾಗುವುದಿಲ್ಲ. ನೀನು ಬರಬೇಡ. ನಿನಗೂ ಏನಾದರೂ ಆದರೆ ನನ್ನ ಕೈಯಲ್ಲಿ ಎರಡು ಹಗ್ಗ ಹಿಡಿಯಲಾಗದು.

ಅಣ್ಣ


ಏಪ್ರಿಲ್ 28

ಅಣ್ಣಾ,

ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಜ್ವರದಲ್ಲಿ ಮಲಗಿದವರ ಕೈಗೆ ಅಂಥ ಕಾಗದ ಹೋಯಿತಲ್ಲ! ನಕ್ಕರು ಅಂತ ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ನನ್ನ ಸಮಾಧಾನಕ್ಕೆ ಬರೆದೆಯೋ, ನಿಜವಾಗಿ ನಕ್ಕರೋ?

ನೀನು ಬೇಡ ಅಂದರೂ ಡಿಪೋಗೆ ಹೋದೆ. ಹಳೆಯ ಪರಿಚಯದ ಡ್ರೈವರ್ ಒಬ್ಬ ಗೇಟಿನಲ್ಲಿ ಕೂತಿದ್ದ. “ಯಾವುದಾದ್ರೂ ಗಾಡಿ ಆ ಕಡೆ ಹೋಗುತ್ತೇನಪ್ಪ? ಸಾಮಾನಿನ ಗಾಡಿ ಆದ್ರೂ ಸರಿ, ಮೂಟೆ ಮೇಲೆ ಕೂರ್ತೀನಿ” ಅಂದೆ. “ಅಕ್ಕ, ನೀವೇ ಹಳೇ ಬಸ್ಸಿನ ಥರ ಏದುಸಿರು ಬಿಡ್ತಿದೀರಿ. ಮನೆಗೆ ಹೋಗಿ, ನನಗೆ ಪಾಪ ಕಟ್ಟಬೇಡಿ” ಅಂದ. ಸಾಲಾಗಿ ಬಸ್ಸುಗಳು ನಿಂತಿದ್ದವು. ಗಾಜಿನ ಮೇಲೆ ಬೆರಳಲ್ಲಿ ಬರೆಯುವಷ್ಟು ದೂಳು. ಒಂದೊಂದು ಬಸ್ಸನ್ನೂ ಹೊತ್ತಿಗೆ ಸರಿಯಾಗಿ ಕೂಗಿ ಹೊರಡಿಸಿದವಳು, ನನಗೇ ಬೇಕಾದಾಗ ಒಂದೂ ಕದಲಲಿಲ್ಲ.

ಅತ್ತಿಗೆಗೆ ಹೇಳು. ಬೇಡ, ನೀನು ಏನೂ ಹೇಳಬೇಡ, ಕೆಡಿಸಿಬಿಡುತ್ತೀಯ. ಈ ಸಾಲನ್ನು ಮಾತ್ರ ಒಳಗೆ ತಳ್ಳು: ಅತ್ತಿಗೆ, ನಾನು ತಿಳಿಯದೆ ಬರೆದೆ. ಎದ್ದು ಬಂದು ನನಗೆ ಬೈಯಿರಿ. ಬೈಯದೆ ಬಿಟ್ಟರೆ ನಾನು ಸುಮ್ಮನಿರುವವಳಲ್ಲ.

ದಿನಾ ಒಂದು ಸಾಲಾದರೂ ಬರೆ. ಕಾಗದ ಬರಲು ವಾರ ಹಿಡಿಯುತ್ತದೆ ಅಂತ ನನಗೆ ಗೊತ್ತು. ಆದರೂ ಬರೆ.

ತಂಗಿ


ಮೇ 6

ಮೈಕೂ,

ಈಗ ನಾನೂ ಹಿಂದಿನ ಕೋಣೆಯಲ್ಲಿದ್ದೇನೆ. ಬೈಯುವುದನ್ನು ಆಮೇಲೆ ಇಟ್ಟುಕೋ, ಮೊದಲು ಕೇಳು.

ಮೊನ್ನೆ ಬೆಳಿಗ್ಗೆ ಅವಳ ಚಾದರ ಕುದಿಸುತ್ತಿದ್ದೆ. ಕೋಲಿನಿಂದ ತಿರುವುವಾಗ ಹಗ್ಗ ಹಂಡೆಯೊಳಗೆ ಇಳಿಯುತ್ತಿತ್ತು. ಬಿಚ್ಚಿ ಕಿಟಕಿಯ ಸರಳಿಗೆ ಕಟ್ಟಿದೆ. ಒಂದು ಚಾದರ ಹಿಂಡಿ ಮುಗಿಸುವಷ್ಟು ಹೊತ್ತು, ಅಷ್ಟೇ. ತಿರುಗಿ ಬಂದು ನೋಡಿದರೆ ಹಗ್ಗ ಬಿಗಿದು ನಿಂತಿತ್ತು. ಎಷ್ಟು ಸಲ ಎಳೆದಳೋ. ಸರಳೇನು ಎದ್ದು ಬರುತ್ತದೆಯೇ? ಬಾಗಿಲು ತಳ್ಳಿದೆ, ಪೂರ್ತಿ ತೆರೆಯಲಿಲ್ಲ. ಅವಳು ಬಾಗಿಲ ಹತ್ತಿರದವರೆಗೂ ತೆವಳಿ ಬಂದು ಅಲ್ಲೇ ಒರಗಿಕೊಂಡಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಬಾಯಿ ನನ್ನನ್ನು ಕರೆಯುವ ಹಾಗೆ ತೆರೆದಿತ್ತು. ಅಷ್ಟು ಹೊತ್ತೂ ಕೂಗಿರಬೇಕು. ನಾನು ಗೋಡೆಯ ಈಚೆ ಚಾದರ ಹಿಂಡುತ್ತಿದ್ದೆ.

ಎತ್ತಿ ಮಂಚದ ಮೇಲೆ ಕೂರಿಸಿದೆ. ಡಾಕ್ಟರಮ್ಮನ ಮನೆಗೆ ಓಡಿದೆ. ಅವರು ಇಂಜೆಕ್ಷನ್ ಕೊಟ್ಟು, ಬೋರಲು ಮಲಗಿಸಿ, ಎಲ್ಲಿಂದಲೋ ಒಂದು ಆಕ್ಸಿಜನ್ ಸಿಲಿಂಡರ್ ತರಿಸಿದರು. ಮಧ್ಯಾಹ್ನದ ಹೊತ್ತಿಗೆ ಉಗುರಿನ ಬಣ್ಣ ವಾಪಸು ಬಂತು. ಹೊರಡುವಾಗ ನನಗೆ ಹೊರಗೆ ಬಾ ಅಂತ ಕೈ ಮಾಡಿದರು. ನಾನು ಇಲ್ಲ ಅಂತ ತಲೆಯಾಡಿಸಿದೆ.

ದೂರ ಇರಿ, ಬಾಗಿಲ ಆಚೆ ಇರಿ ಅನ್ನುವುದೆಲ್ಲ ಕಿವಿ ಇದ್ದವರಿಗೆ ಹೇಳುವ ಮಾತು ತಂಗಿ. ಕರೆದರೆ ಅವರಿಗೆ ಕೇಳುತ್ತದೆ. ನನಗೆ ಅವಳು ಇದ್ದಾಳೆ ಅಂತ ಗೊತ್ತಾಗಬೇಕಾದರೆ ಕಣ್ಣಿಗೆ ಕಾಣಬೇಕು. ಹಂಡೆ ಒಲೆಯ ಮೇಲೆ ತಣ್ಣಗೆ ಕೂತಿದೆ. ಇಷ್ಟು ದಿನ ಕುದಿಸಿದ್ದೆಲ್ಲ ವ್ಯರ್ಥ ಅಂತ ನೀನು ಅಂದರೆ ಅನ್ನು. ಅವಳ ಬೆನ್ನು ಏರಿಳಿಯುವುದನ್ನು ನೋಡುತ್ತ ಕೂತಿದ್ದೇನೆ. ಒಂದು ಉಸಿರು ತಡವಾದರೆ ನಾನು ಎದ್ದು ನಿಲ್ಲುತ್ತೇನೆ.

ನಿನ್ನ ಸಾಲನ್ನು ಓದಿದಳು. ‘ಬೈಯೋಕೂ ಉಸಿರು ಬೇಕು’ ಅಂತ ಬರೆದಿದ್ದಾಳೆ.

ಎದುರು ಟೆರೇಸಿನ ಟೀಚರು ಹೇಗಿದ್ದಾರೆ? ಹೋದ ಕಾಗದದಲ್ಲಿ ನೀನು ಅವರ ಸುದ್ದಿಯನ್ನೇ ಎತ್ತಲಿಲ್ಲ.

ಅಣ್ಣ


ಮೇ 14

ಅಣ್ಣಾ,

ನೀನು ಮಾಡಿದ್ದು ತಪ್ಪು, ತಪ್ಪು, ತಪ್ಪು. ಎಪ್ಪತ್ತು ದಾಟಿದವನು, ಸೋಂಕಿನ ಚಾದರ ಒಗೆದೇ ಬದುಕಿದವನು, ಗೊತ್ತಿದ್ದೂ ಗೊತ್ತಿದ್ದೂ ಕೆಂಡಕ್ಕೆ ಕೈ ಹಾಕಿದ್ದೀಯ. ಇದನ್ನು ಬರೆಯುತ್ತಿರುವುದು ಸಿಟ್ಟಿಗೋ ಭಯಕ್ಕೋ ನನಗೇ ತಿಳಿಯದು.

ಟೀಚರು ಹೋಗಿಬಿಟ್ಟರು, ಅಣ್ಣ.

ಹೋಗಿ ಒಂದು ತಿಂಗಳಾಗುತ್ತ ಬಂತು. ನಿನಗೆ ಆ ಜಗಳದ ಕಾಗದ ಹಾಕಿದ ಮಾರನೆಯ ಬೆಳಿಗ್ಗೆ ಅವರು ಟೆರೇಸಿಗೆ ಬರಲಿಲ್ಲ, ಕಿಟಕಿಗೆ ಬಂದರು. ಕೈಯಲ್ಲಿ ಹಾಳೆ ಇರಲಿಲ್ಲ. ಸರಳು ಹಿಡಿದುಕೊಂಡು ನನ್ನ ಕಡೆ ನೋಡಿ, ಬಾ ಅಂತ ಕೈ ಮಾಡಿದರು. ನಾನು ಟೆರೇಸಿನ ಅಂಚಿಗೆ ಹೋಗಿ ಕೂಗಿದೆ. “ಆಂಬ್ಯುಲೆನ್ಸಿಗೆ ಫೋನ್ ಮಾಡ್ತೀನಿ, ಕೂತ್ಕೊಳ್ಳಿ!” ಅಂದೆ. ಮಾಡಿದೆ. ಸಾಲಿನಲ್ಲಿದ್ದೀರಿ, ಕಾಯಿರಿ ಅಂದರು. ಮತ್ತೆ ಬಂದು “ಬರ್ತಾರೆ, ಬರ್ತಾರೆ!” ಅಂತ ಕೂಗಿದೆ. ಅವರು ಮತ್ತೆ ಬಾ ಅಂದರು. ಏನೋ ಹೇಳುತ್ತಿದ್ದರು, ತುಟಿ ಆಡುತ್ತಿತ್ತು. ಅವರ ದನಿ ರಸ್ತೆ ದಾಟಿ ಬರುವಂಥದ್ದಲ್ಲ. ನಾನು ದಾಟಬಹುದಿತ್ತು. ಬರಿ ಒಂದು ರಸ್ತೆ. ಒಂದು ಗಾಡಿಯೂ ಓಡಾಡುತ್ತಿರಲಿಲ್ಲ. ನನಗೆ ದಮ್ಮಿದೆ, ವಯಸ್ಸಾಗಿದೆ, ಹತ್ತಿರ ಹೋಗಬಾರದು ಅಂತ ಪೇಪರಿನವರು, ರೇಡಿಯೋದವರು, ನೀನು, ಎಲ್ಲರೂ ಹೇಳಿದ್ದರು. ಕೇಳಿದೆ. ಬಿಸಿಲು ಇಳಿಯುವವರೆಗೂ ಅಲ್ಲೇ ನಿಂತು ಕೂಗುತ್ತಲೇ ಇದ್ದೆ. ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಕಿಟಕಿಯಲ್ಲಿ ಅವರಿರಲಿಲ್ಲ.

ನಾನು ಮಾಡಿದ್ದು ಸರಿ. ಡಾಕ್ಟರನ್ನು ಕೇಳಿದರೂ ಸರಿ ಅನ್ನುತ್ತಾರೆ. ಆದರೆ ಏನು ಹೇಳುತ್ತಿದ್ದರು ಅನ್ನುವುದು ನನ್ನನ್ನು ಕೂರಲು ಬಿಡುತ್ತಿಲ್ಲ. ಪಾತ್ರೆ ತೊಳೆಯುವಾಗ ಆ ತುಟಿಗಳು ಕಣ್ಣೆದುರು ಬರುತ್ತವೆ. ನೀರು ಕೇಳಿದರೋ, ಬೀಗದ ಕೈ ಎಲ್ಲಿದೆ ಅಂದರೋ, ನನ್ನ ಹೆಸರೇ ಕರೆದರೋ. ವಾಕಿಂಗ್ ಬಿಟ್ಟಿದ್ದೇನೆ. ಅಂಗಡಿಗೆ ಹೋಗುವಾಗಲೂ ಕಟ್ಟಡದ ಹಿಂದಿನ ದಾರಿಯಿಂದ ಹೋಗುತ್ತೇನೆ.

ಮೇಲೆ ತಪ್ಪು ಅಂತ ಮೂರು ಸಲ ಬರೆದೆ. ಅಳಿಸುವುದಿಲ್ಲ, ಅದು ನಿಜವೇ. ನೀನು ಒಳಗೆ ಹೋದದ್ದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು, ಅದೂ ನಿಜ. ಎರಡನ್ನೂ ಇಟ್ಟುಕೋ.

ತಂಗಿ


ಜೂನ್ 1

ಮೈಕು ಎಂದೇ ಕರೆಯಲೇ? ನಿಮ್ಮಣ್ಣ ಹಾಗೆ ಕರೆದು ಕರೆದು ನನಗೂ ಬೇರೆ ಬಾಯಿಗೆ ಬರುವುದಿಲ್ಲ.

ನಾನು ನಿನ್ನ ಅತ್ತಿಗೆ. ಅಕ್ಷರ ಸೊಟ್ಟಗಿದೆ, ಕೈಯಲ್ಲಿ ಇನ್ನೂ ಶಕ್ತಿ ಬಂದಿಲ್ಲ. ಫೋನು ಮಾಡೋಣವೆಂದರೆ ಎರಡು ಮಾತಿಗೆ ಉಸಿರು ಹತ್ತಿ ಕೆಮ್ಮು ಶುರುವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎದ್ದೆ. ನಿಮ್ಮಣ್ಣ ಮಲಗಿದರು. ನನಗೆ ಜ್ವರ ಬಿಟ್ಟು ಬೆಳಿಗ್ಗೆ ನಾನೇ ಗಂಜಿ ಕುಡಿದ ದಿನ ಅವರಿಗೆ ಮೈ ಬಿಸಿ. ನನ್ನ ಕಣ್ಣಿಗೆ ಕಾಣದಿರಲಿ ಅಂತ ಎರಡು ಅಂಗಿ ಹಾಕಿಕೊಂಡು ಓಡಾಡಿದರು. ಮುಚ್ಚಿಡುವುದು ಬರದ ಮನುಷ್ಯ. ಹೋದ ಗುರುವಾರ ಉಸಿರು ಹಿಡಿಯಿತು. ಡಾಕ್ಟರಮ್ಮ ಆಸ್ಪತ್ರೆಯ ಗಾಡಿ ಕರೆಸಿದರು. ಜೊತೆಗೆ ನಾನು ಹೋಗುವ ಹಾಗಿಲ್ಲವಂತೆ.

ನನಗೆ ಸಾವಿನ ಭಯಕ್ಕಿಂತ ಬೇರೆ ಒಂದು ಭಯವಾಯಿತು. ಅವರು ತುಟಿ ನೋಡಿ ಮಾತು ತಿಳಿಯುವವರು. ಅಲ್ಲಿ ಎಲ್ಲರ ಬಾಯಿಗೂ ಮಾಸ್ಕು. ಯಾರು ಏನು ಕೇಳಿದರೂ ಇವರು ಪೆದ್ದರ ಹಾಗೆ ನೋಡುತ್ತಾರೆ, ತಲೆ ಸರಿಯಿಲ್ಲ ಅಂತ ಮೂಲೆಯ ಮಂಚಕ್ಕೆ ಹಾಕಿಬಿಟ್ಟರೆ? ಚಾದರಗಳಿಗೆ ಕೆಂಪು ದಾರದಲ್ಲಿ ವಾರ್ಡಿನ ನಂಬರು ಹೊಲಿಯುವುದು ನನ್ನ ಕೆಲಸವಾಗಿತ್ತಲ್ಲ. ಗಾಡಿ ಬರುವಷ್ಟರಲ್ಲಿ ಒಂದು ಬಿಳಿ ತುಂಡಿನ ಮೇಲೆ ಹೊಲಿದೆ: ‘ಕಿವಿ ಕೇಳಿಸದು. ಬುದ್ಧಿ ಚೆನ್ನಾಗಿದೆ. ಬರೆದು ತೋರಿಸಿ.’ ಎದೆಗೆ ಪಿನ್ನು ಹಾಕಿದೆ. ಓದಿಕೊಂಡು ನಕ್ಕರು. ‘ಬುದ್ಧಿ ಚೆನ್ನಾಗಿದೆ ಅಂತ ಇವತ್ತಾದ್ರೂ ಒಪ್ಪಿದೆಯಲ್ಲ’ ಅಂದರು. ಗಾಡಿಯ ಬಾಗಿಲು ಹಾಕಿದರು. ನಾಲ್ಕು ದಿನದಿಂದ ಒಂದು ಸುದ್ದಿಯಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ ಎತ್ತುವವರಿಲ್ಲ. ಫೋನು ಎತ್ತದಿದ್ದರೆ ಹೇಗಿರುತ್ತದೆ ಅಂತ ನಿನ್ನಿಂದ ಕೇಳಿ ತಿಳಿದಿದ್ದೆ, ಈಗ ಅನುಭವಿಸಿದೆ.

ಬಸ್‌ಸ್ಟ್ಯಾಂಡಿನ ಮಾತು. ಆವತ್ತು ಅವರಿಗೆ ಮಿಷನ್ನು ಹೊಸದು. ನಿನ್ನ ದನಿ ಏರಿದಾಗಲೆಲ್ಲ ಅದು ಕಿವಿಯೊಳಗೆ ಕೀರಲಿಟ್ಟು ಅವರು ತಲೆ ಹಿಡಿದುಕೊಳ್ಳುತ್ತಿದ್ದರು. ನಿನಗೆ ಬೇಜಾರಾದೀತೆಂದು ತೋರಿಸುತ್ತಿರಲಿಲ್ಲ. ನಾನು ನೋಡಲಾರದೆ ಅಂದೆ. ಬಿಡಿಸಿ ಹೇಳಬಹುದಿತ್ತು. ನೀನು ಎದ್ದು ಹೋದೆಯಲ್ಲ, ಹೋಗುವವಳ ಹಿಂದೆ ನಾನೇಕೆ ಓಡಲಿ ಅನ್ನುವ ಸೊಕ್ಕು. ಆರು ವರ್ಷ ಮಾಡಿದೆ ಆ ಸೊಕ್ಕು.

ನಿನ್ನ ಟೀಚರ ವಿಷಯವನ್ನು ಅವರು ಓದಿ ನನಗೂ ಕೊಟ್ಟರು. ಏನು ಹೇಳಲಿ? ನನಗೆ ಸಮಾಧಾನದ ಮಾತು ಬರುವುದಿಲ್ಲ. ಓದಿ ಅತ್ತೆ, ಅಷ್ಟೇ.

ಅತ್ತಿಗೆ


ಜೂನ್ 8

ಅತ್ತಿಗೆ,

ಕಾಗದ ಈಗ ಬಂತು. ಇದನ್ನು ಅಂಚೆಗೆ ಹಾಕಿ ಬಂದು ನಿಮಗೆ ಫೋನು ಮಾಡುತ್ತೇನೆ, ದಿನಾ ಮಾಡುತ್ತೇನೆ. ಇವತ್ತು ಎತ್ತಲಾಗದಿದ್ದರೆ ಈ ಕಾಗದ ಸಿಕ್ಕ ದಿನವಾದರೂ ಎತ್ತಿ. ಉಸಿರು ಹತ್ತುವುದು ನಿಮಗೆ, ನನಗಲ್ಲ. ನೀವು ಒಂದು ಮಾತೂ ಆಡಬೇಡಿ, ಸುಮ್ಮನೆ ಹಿಡಿದುಕೊಂಡಿರಿ. ನನ್ನ ದನಿ ಜೋರಾದರೆ ಕಿವಿಯಿಂದ ದೂರ ಹಿಡಿಯಿರಿ. ಇನ್ನೂ ಜೋರಾದರೆ ಮೇಜಿನ ಮೇಲಿಡಿ, ಅಲ್ಲಿಂದಲೂ ಕೇಳುತ್ತದೆ.

ಆಸ್ಪತ್ರೆಗೆ ನಾನೂ ಫೋನು ಮಾಡುತ್ತಿರುತ್ತೇನೆ. ‘ದಯವಿಟ್ಟು ಗಮನಿಸಿ’ ಅಂತ ಶುರು ಮಾಡಿದರೆ ಈಗಲೂ ಜನ ನಿಂತು ಕೇಳುತ್ತಾರೆ. ಒಬ್ಬರಾದರೂ ಉತ್ತರ ಕೊಡುವವರೆಗೆ ಬಿಡುವುದಿಲ್ಲ.

ಅವನಿಗೆ ಏನೂ ಆಗಬಾರದು ಅತ್ತಿಗೆ. ಆಗಬಾರದು, ಅಷ್ಟೇ.

ನಿಮ್ಮ ನಾದಿನಿ


ಜೂನ್ 17

ಮೈಕೂ,

ಬದುಕಿದ್ದೇನೆ. ನಾಳೆ ಮನೆಗೆ ಕಳಿಸುತ್ತಾರೆ. ನರ್ಸಮ್ಮ ಕಾಗದ, ಪೆನ್ನು ಕೊಟ್ಟು ‘ನಿಮ್ಮ ತಂಗಿಗೆ ಬರೀರಿ, ನಮ್ಮ ಫೋನಿಗೆ ಬಿಡುವು ಸಿಗಲಿ’ ಅಂತ ಬರೆದು ತೋರಿಸಿದರು. ಏನು ಮಾಡಿದೆ ನೀನು?

ಇಲ್ಲಿಯ ಚಾದರಗಳು ಚೆನ್ನಾಗಿಲ್ಲ. ನೀರು ಕುದಿಯುವ ಮೊದಲೇ ತೆಗೆದುಬಿಡುತ್ತಾರೆ, ಮೂಗಿಗೆ ಗೊತ್ತಾಗುತ್ತದೆ. ನಿನ್ನ ಅತ್ತಿಗೆ ಹೊಲಿದುಕೊಟ್ಟ ತುಂಡಿನಿಂದ ಉಪಕಾರವಾಯಿತು. ಅದಿಲ್ಲದಿದ್ದರೆ ಮಾಸ್ಕು ಹಾಕಿದ ಜನ ಸುಮ್ಮನೆ ಬಂದು ಹೋಗಿ ಮಾಡುತ್ತಿದ್ದರು, ನಾನು ಬದುಕಿದ್ದೇನೋ ಸತ್ತಿದ್ದೇನೋ ಯಾರೂ ಹೇಳುತ್ತಿರಲಿಲ್ಲ.

ನಿನಗೆ ಬೇರೆ ಒಂದು ವಿಷಯ ಹೇಳಬೇಕು. ಯಾರಿಗೂ ಹೇಳಿಲ್ಲ.

ಪಕ್ಕದ ಮಂಚದಲ್ಲಿ ಒಬ್ಬ ಮುದುಕರಿದ್ದರು, ನನಗಿಂತ ದೊಡ್ಡವರು. ಬಡಗಿಯಾಗಿದ್ದರಂತೆ, ಅಂಗೈ ನೋಡಿದರೇ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಅವರಿಗೆ ಜಾಸ್ತಿಯಾಯಿತು. ನರ್ಸುಗಳೆಲ್ಲ ಆಚೆ ಕೊನೆಯಲ್ಲಿ ಯಾರನ್ನೋ ಉಳಿಸುತ್ತಿದ್ದರು. ಇವರು ಮುಖದ ಮಾಸ್ಕು ಸರಿಸಿ ನನ್ನ ಕಡೆ ತಿರುಗಿ ಮಾತಾಡಲು ಶುರು ಮಾಡಿದರು. ಬಾಯಲ್ಲಿ ಹಲ್ಲಿಲ್ಲ, ತುಟಿ ನೋಡಿಯೂ ಒಂದಕ್ಷರ ತಿಳಿಯಲಿಲ್ಲ. ಕೇಳಿಸದು ಅಂತ ಕಿವಿ ಮುಟ್ಟಿ ತೋರಿಸಬೇಕು ಅಂತ ಕೈ ಎತ್ತಿದೆ. ಆ ಕೈಯನ್ನೇ ಹಿಡಿದುಕೊಂಡುಬಿಟ್ಟರು. ಆಮೇಲೆ ಹೇಗೆ ಹೇಳಲಿ? ಹೂಂ ಅಂದೆ. ಅವರು ಇನ್ನಷ್ಟು ಹೇಳಿದರು. ಹೂಂ ಅಂದೆ. ಒಮ್ಮೆ ಏನೋ ಕೇಳಿದ ಹಾಗೆ ಹುಬ್ಬು ಎತ್ತಿ ಕಾದರು. ಅದಕ್ಕೂ ಹೂಂ ಅಂದೆ. ಮುಖ ಸಡಿಲವಾಯಿತು. ಹೀಗೇ ಮಾತಾಡುತ್ತಾ ಮಾತಾಡುತ್ತಾ ಕೈ ಬಿಟ್ಟರು.

ಅಂದಿನಿಂದ ನನಗೆ ಒಂದೇ ಚಡಪಡಿಕೆ. ಏನು ಕೇಳಿದರೋ, ನಾನು ಯಾವುದಕ್ಕೆ ಒಪ್ಪಿಕೊಂಡೆನೋ. ಸಾಯುವವರಿಗೆ ಮಾತು ಕೊಟ್ಟು ಅದು ಯಾವ ಮಾತು ಅಂತಲೇ ಗೊತ್ತಿಲ್ಲದವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಮೋಸ ಮಾಡಿದೆ ಅನಿಸುತ್ತಿತ್ತು.

ಇವತ್ತು ಬೆಳಿಗ್ಗೆ ಅವರ ಮಗಳು ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ನನ್ನನ್ನು ಗಾಳಿಗೆ ಅಂತ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದ ಮಂಚದವನು ಅಂತ ಯಾರೋ ತೋರಿಸಿರಬೇಕು, ದೂರ ನಿಂತು ಏನೋ ಕೇಳಿದಳು. ನಾನು ಕಿವಿ ಮುಟ್ಟಿ ತೋರಿಸಿ ಕಾಗದ ಚಾಚಿದೆ. ‘ಅಪ್ಪ ಕೊನೆಗೆ ಏನಾದರೂ ಹೇಳಿದರಾ?’ ಅಂತ ಬರೆದಳು. ನಿಮ್ಮನ್ನು ಕೇಳಿದರು ಅಂತ ಬರೆದುಬಿಡಬಹುದಿತ್ತು, ಅವಳ ಕಣ್ಣು ಅದನ್ನೇ ಬೇಡುತ್ತಿತ್ತು. ನನ್ನಿಂದ ಆಗಲಿಲ್ಲ. ‘ತುಂಬ ಹೊತ್ತು ಮಾತಾಡಿದರು. ನನಗೆ ಕೇಳಿಸುವುದಿಲ್ಲ. ಹೂಂ ಅನ್ನುತ್ತಿದ್ದೆ’ ಅಂತ ಬರೆದೆ. ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಿಟ್ಟು ಬಂತೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ಅದರ ಕೆಳಗೆ ಬರೆದಳು: ‘ಕೊನೆಯವರೆಗೂ ಹೂಂ ಅಂದಿರಾ?’ ಕೊನೆಯವರೆಗೂ ಅಂತ ಬರೆದೆ. ಆ ಕಾಗದವನ್ನು ಮಡಿಸಿ ತನ್ನ ಚೀಲದೊಳಗೆ ಇಟ್ಟುಕೊಂಡು ಹೋದಳು.

ನೀನು ಬಿಸಿಲು ಇಳಿಯುವವರೆಗೂ ಟೆರೇಸಿನ ಮೇಲೆ ನಿಂತು ಕೂಗುತ್ತಿದ್ದೆ ಅಂತ ಬರೆದಿದ್ದೆಯಲ್ಲ. ಆ ಸಾಲನ್ನು ಇಲ್ಲಿ ಮಲಗಿಕೊಂಡು ಬಹಳ ಸಲ ನೆನೆದೆ. ನಿನ್ನ ದನಿ ಅವರಿಗೆ ಕೇಳುತ್ತಿತ್ತು ತಂಗಿ. ಇಷ್ಟು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ.

ಬಸ್ಸು ಬಿಟ್ಟ ದಿನ ಹೊರಟು ಬಾ. ಟೀಚರ ವಿಷಯ ನೀನಿನ್ನೂ ಪೂರ್ತಿ ಹೇಳಿಲ್ಲ ಅಂತ ನನಗೆ ಗೊತ್ತು. ಎದುರಿಗೆ ಕೂತು ಹೇಳು, ಎಷ್ಟು ಹೊತ್ತಾದರೂ ಹೇಳು. ನನಗೆ ಕೇಳಿಸದು. ಹೂಂ ಅನ್ನುತ್ತಿರುತ್ತೇನೆ.

ಅಣ್ಣ